ಎರಡನೆಯ ಕುರ್ಚಿ

ಪ್ರೀತಿ ಉಕ್ಕಿದರೆ ಕೆಲವರು ಬಾಯಿ ತುಂಬ ಮಾತಾಡುತ್ತಾರೆ, ಕೆಲವರು ತಟ್ಟೆ ತುಂಬ ಬಡಿಸುತ್ತಾರೆ. ಈ ಮನೆಯ ಮಗ ಕುರ್ಚಿ ಮಾಡುತ್ತಿದ್ದ. ಅವನು ಬಡಗಿ, ಹಿಂದಿನ ಬೀದಿಯಲ್ಲಿ ಅವನದೊಂದು ಶೆಡ್ಡು. ತಾಯಿ ಅಡುಗೆಮನೆಯಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಾಗ ಅವನು ಒಂದು ಮಾತೂ ಆಡದೆ ಶೆಡ್ಡಿಗೆ ಹೋದ. ವಾರ ಕಳೆದು ಒಂದು ಕುರ್ಚಿಯನ್ನು ಮೂರನೆಯ ಮಹಡಿಗೆ ತಾನೇ ಹೊತ್ತು ತಂದ. ಅಗಲವಾದ ಕೈಗಳು, ಬೆನ್ನಿಗೆ ಮೆತ್ತೆ, ಕಾಲು ಚಾಚಲು ಎಳೆದುಕೊಳ್ಳುವ ಹಲಗೆ.

"ಊತ ಇಳಿಯೋ ತನಕ ಇಲ್ಲೇ ಕಿಟಕಿ ಹತ್ರ ಕೂತಿರಮ್ಮ. ಒಲೆ ಕಡೆ ತಲೆ ಹಾಕ್ಬೇಡ," ಅಂದ.

ಊತ ತಿಂಗಳೊಳಗೇ ಇಳಿಯಿತು. ಕುರ್ಚಿ ಅಲ್ಲೇ ಉಳಿಯಿತು, ಅದರಲ್ಲಿ ಕೂತವಳೂ ಉಳಿದಳು. ಟೀ ಅಲ್ಲಿಗೇ ಬರುತ್ತಿತ್ತು, ಊಟ ಅಲ್ಲಿಗೇ ಬರುತ್ತಿತ್ತು. ಎದ್ದೇಳು ಎನ್ನುವವರು ಯಾರೂ ಇರಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು. ಅವಳನ್ನು ಮಗ ಅಮ್ಮ ಎನ್ನುತ್ತಿದ್ದ, ಮೊಮ್ಮಗಳು ಅಜ್ಜಿ ಎನ್ನುತ್ತಿದ್ದಳು. ನಾವು ಅತ್ತೆ ಎನ್ನೋಣ, ಏಕೆಂದರೆ ಈ ಕಥೆ ಶುರುವಾದದ್ದು ಅವಳ ಸೊಸೆ ಓಡಿದ್ದರಿಂದ.

ಅತ್ತೆಗೆ ಕಿಟಕಿಯಿಂದ ಕಾಣುತ್ತಿದ್ದುದು ಒಂದು ಬೀದಿ. ಅದರ ಒಂದು ತುದಿಯಲ್ಲಿ ಔಷಧಿ ಅಂಗಡಿ, ಇನ್ನೊಂದು ತುದಿಯಲ್ಲಿ ಬೇಕರಿ. ಬೇಕರಿಯ ಮೂಲೆ ತಿರುಗಿದ ಮೇಲೆ ಜನ ಏನಾಗುತ್ತಾರೆ ಎಂಬುದು ಅವಳಿಗೆ ಕಾಣದು. ಒಂದು ಬೆಳಿಗ್ಗೆ, ಹಾಲಿನವನೂ ಬಂದಿರದ ಹೊತ್ತಿನಲ್ಲಿ, ಮೊಮ್ಮಗಳ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಆ ಮೂಲೆಗೆ ಓಡಿ ಮಾಯವಾದದ್ದನ್ನು ಅವಳು ನೋಡಿದಳು. ಬೂಟಿನ ಗುರುತು ಮೊದಲು ಸಿಕ್ಕಿತು. ಹೆಂಗಸಿನ ಗುರುತು ಆಮೇಲೆ ಸಿಕ್ಕಿತು.

ಸೊಸೆ ಬೆಕ್ಕಿನ ಹೆಜ್ಜೆಯಲ್ಲಿ ಬಾಗಿಲು ತೆರೆದು ಒಳಗೆ ಬಂದಾಗ ಅತ್ತೆ ಪಿಸುಗುಟ್ಟಿದಳು:

"ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?"

ಸೊಸೆ ಬೆಚ್ಚಿದಳು. "ಇಲ್ಲ ಅತ್ತೆ."

"ಮತ್ತೆ ಯಾಕೆ ಓಡ್ದೆ?"

"ಸುಮ್ನೆ."

ಸುಮ್ಮನೆ ಓಡುವುದು! ಅತ್ತೆ ತನ್ನ ಆಯುಷ್ಯದಲ್ಲಿ ಓಡಿದ್ದಳು. ಉಕ್ಕುವ ಹಾಲಿನ ಕಡೆಗೆ, ಬೀಳುವ ಮಗುವಿನ ಕಡೆಗೆ, ಒಮ್ಮೆ ಗೂಳಿಯ ಎದುರಿನಿಂದ. ಸುಮ್ಮನೆ ಓಡಿದ್ದು ನೆನಪಿರಲಿಲ್ಲ.

"ನಿಜ ಹೇಳು. ನಾನೇನು ನಿನ್ನ ಗಂಡನಲ್ಲ, ಬೈಯೋದಿಲ್ಲ."

ಸೊಸೆ ನೆಲದ ಮೇಲೇ ಕುಕ್ಕರಿಸಿದಳು. ಅವಳಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಬೆಳಿಗ್ಗೆ ಕಿಂಡಿಯ ಹಿಂದೆ ಕೂತರೆ ಸಂಜೆಗೇ ಏಳುವುದು. "ಇಷ್ಟು ವರ್ಷದಿಂದ ನೋಡ್ತಾ ಇದೀನಿ ಅತ್ತೆ. ಎಲ್ರೂ ನನ್ನ ಮುಂದೆ ಓಡ್ತಾರೆ. ಮುದುಕರು, ಬಸುರಿಯರು, ಗಂಟು ಹೊತ್ತವರು. ನಾನೊಬ್ಳೇ ಕೂತಿರ್ತೀನಿ. ಮೊನ್ನೆ ಒಬ್ರು ಚಿಲ್ಲರೆ ಬಿಟ್ಟು ಓಡಿದ್ರು. ಕೊಡೋಣ ಅಂತ ನಾನೂ ಹಿಂದೇನೇ ಓಡ್ದೆ. ಎದೆ ಬಾಯಿಗೆ ಬಂತು, ಕಾಲು ನಡುಗ್ತು. ಆದ್ರೆ ನಗು ಬಂತು. ನಿಲ್ಲಲೇ ಇಲ್ಲ ನಗು. ಯಾಕೆ ಬಂತು ಅಂತ ನೋಡ್ಬೇಕು ಅನ್ನಿಸ್ತು."

"ಗೊತ್ತಾಯ್ತಾ?"

"ಇನ್ನೂ ಇಲ್ಲ."

ಒಳಗೆ ಮಗ ಮಗ್ಗುಲು ಬದಲಿಸಿದ ಸದ್ದಾಯಿತು.

"ಅವರಿಗೆ ಹೇಳ್ಬೇಡಿ," ಸೊಸೆ ಅಂದಳು. "ಬೈದ್ರೆ ತಡ್ಕೋಬಹುದು. ಎಲ್ಲಾದ್ರೂ ಎಡವಿದ್ರೆ..."

ಅವಳ ಕಣ್ಣು ಕುರ್ಚಿಯ ಮೇಲೆ ಬಿದ್ದು, ತಟ್ಟನೆ ಬೇರೆ ಕಡೆ ಹೊರಳಿತು. ಅತ್ತೆಗೆ ಅರ್ಥವಾಯಿತು.

ಆವತ್ತೇ ಒಪ್ಪಂದವಾಯಿತು. ಮಗ ಎದ್ದರೆ ಅತ್ತೆ ಕಿಟಕಿಗೆ ಕೆಂಪು ಟವೆಲು ಹಾಕಬೇಕು. ಅದು ಕಂಡ ತಕ್ಷಣ ಸೊಸೆ ಓಟ ನಿಲ್ಲಿಸಿ, ದಾರಿಯಲ್ಲಿ ಬ್ರೆಡ್ಡು ಹಿಡಿದುಕೊಂಡು, ಬ್ರೆಡ್ಡಿಗೇ ಹೋಗಿದ್ದವಳಂತೆ ಮೇಲೆ ಬರಬೇಕು. ಇದಕ್ಕೆ ಅತ್ತೆ ಕೇಳಿದ ಕೂಲಿ ಒಂದೇ: ಬೇಕರಿ ಮೂಲೆಯ ಆಚೆಯಿಂದ ದಿನಕ್ಕೊಂದು ಸುದ್ದಿ.

ಸುದ್ದಿಗಳು ಬರತೊಡಗಿದವು. ಕ್ಷೌರದಂಗಡಿಯವನು ಬಾಗಿಲಿಗೆ ಹಳದಿ ಬಣ್ಣ ಬಳಿದಿದ್ದಾನೆ. ಒಂದೇ ಕಿವಿಯ ನಾಯಿಯೊಂದು ಗೇಟಿನ ಒಳಗಿಂದ ಬೊಗಳದೆ ಬರೀ ನೋಡುತ್ತದೆ. ಶಾಲೆಯ ಗೋಡೆಯ ಮೇಲೆ ಯಾರೋ ತಿಮಿಂಗಿಲ ಬರೆದಿದ್ದಾರೆ, ಬಾಲಕ್ಕೆ ಗೋಡೆ ಸಾಲದೆ ಪಕ್ಕದ ಮನೆಯ ಕಾಂಪೌಂಡಿಗೂ ಹೋಗಿದೆ. ಅತ್ತೆ ಇಡೀ ದಿನ ಆ ತಿಮಿಂಗಿಲವನ್ನು ಯೋಚಿಸುತ್ತಾ ಕೂತಳು. ಪಕ್ಕದ ಮನೆಯವರು ಏನಂದರೋ?

ಒಂದು ಸುತ್ತು ಎರಡಾಯಿತು, ಎರಡು ನಾಲ್ಕಾಯಿತು. ಸೊಸೆಯ ಹಸಿವೂ ಹೆಚ್ಚಿತು. ಊಟದ ಹೊತ್ತಿನಲ್ಲಿ ಮಗ ಅವಳ ತಟ್ಟೆಯನ್ನೇ ನೋಡಿದ.

"ಏನು, ಆಲೂಗಡ್ಡೆ ಎಲ್ಲ ನೀನೇ ಬಾಚ್ಕೊಂಡೆ?"

"ಕೆಲಸ ಜಾಸ್ತಿ ಇತ್ತು."

"ಟಿಕೆಟ್ ಕೊಡೋಕೆ ಇಷ್ಟು ಹಸಿವಾ?"

ಮೊಮ್ಮಗಳು ಅಮ್ಮನ ಮುಖ, ಅಜ್ಜಿಯ ಮುಖ ಎರಡನ್ನೂ ನೋಡಿದಳು. ಕಾಲೇಜು ಹುಡುಗಿ, ಮಾತು ಮಾತಿಗೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. "ಅಪ್ಪಾ, ಹಸಿದವರಿಗೆ ಪ್ರಶ್ನೆ ಕೇಳೋದು ನ್ಯಾಯ ಅಲ್ಲ," ಎಂದಳು. ತನ್ನ ಹಳೆ ಬೂಟಿನ ಅಡಿ ಸವೆಯುತ್ತಿರುವುದು ಅವಳಿಗೆ ಯಾವತ್ತೋ ಕಂಡಿತ್ತು.

ಆಮೇಲಾಮೇಲೆ ಸುದ್ದಿಗಳು ಸಣ್ಣಗಾದವು. "ಇವತ್ತು ಮೋಡ ಇತ್ತು ಅತ್ತೆ." ಮೋಡ ತನ್ನ ಕಿಟಕಿಗೂ ಕಾಣುತ್ತದೆ, ಅದೆಂಥ ಸುದ್ದಿ! ಇನ್ನೊಂದು ದಿನ, "ಏನೂ ಇರ್ಲಿಲ್ಲ." ಅತ್ತೆ ಕಿಟಕಿಯಿಂದ ಗಮನಿಸಿದಳು: ಮೊದಲು ತಲೆಯೆತ್ತಿ ಓಡುತ್ತಿದ್ದವಳು ಈಗ ನೆಲ ನೋಡಿಕೊಂಡು ಓಡುತ್ತಿದ್ದಳು. ಕಾಲಿನ ಮೇಲೆ ಕಣ್ಣಿಟ್ಟವಳಿಗೆ ನಾಯಿ ಎಲ್ಲಿ ಕಾಣಬೇಕು, ತಿಮಿಂಗಿಲ ಎಲ್ಲಿ ಕಾಣಬೇಕು?

ಮೆಟ್ಟಿಲೂ ಅದನ್ನೇ ಹೇಳಿತು. ಹತ್ತುವಾಗ ಸದ್ದು ಸರಿಯಾಗಿತ್ತು. ಇಳಿಯುವಾಗ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಕಳ್ಳ.

"ಯಾವ ಕಾಲು?" ಅತ್ತೆ ನೇರವಾಗಿ ಕೇಳಿದಳು.

ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು. "ಎಂಥದೂ ಇಲ್ಲ."

"ಯಾವ ಕಾಲು ಅಂದೆ."

"ಎಡ ಮೊಣಕಾಲು. ಹೊರಗಡೆ ಪಕ್ಕ. ಮೊದಲ ಸುತ್ತಲ್ಲಿ ಇರಲ್ಲ, ಆಮೇಲೆ ಸೂಜಿ ಚುಚ್ಚಿದ ಹಾಗೆ. ಓಡ್ತಾ ಓಡ್ತಾ ಹೋಗುತ್ತೆ ಅಂತ ಇನ್ನೊಂದು ಸುತ್ತು ಜಾಸ್ತಿ ಮಾಡ್ದೆ."

"ಹಲ್ಲು ನೋವಿಗೆ ಕಬ್ಬಿಣದ ಕಡಲೆ ಅಗಿದೆ ಅನ್ನು."

ಸೊಸೆಗೆ ನಗು ಬಂದರೂ ಕಣ್ಣು ಒದ್ದೆಯಾಯಿತು. ಅದು ಈರುಳ್ಳಿಯದೋ ಅಲ್ಲವೋ ಎಂದು ಅತ್ತೆ ವಿಚಾರಿಸಲಿಲ್ಲ. ಅವತ್ತೇ ಮಗನಿಗೆ ಹೇಳಿದ್ದರೆ ಒಳ್ಳೆಯದಿತ್ತು. ಆದರೆ ಹೇಳಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅರ್ಧ ಸತ್ಯ ತಾನಾಗಿಯೇ ಮೆಟ್ಟಿಲ ಮೇಲೆ ಬಿದ್ದು ಹೊರಬಂತು. ಸೊಸೆ ಕೆಲಸಕ್ಕೆ ಇಳಿಯುತ್ತಿದ್ದಾಗ ಮೊಣಕಾಲು ಕೈಕೊಟ್ಟಿತು. ಅವಳು ಕಂಬಿ ಹಿಡಿದು ಉಳಿದುಕೊಂಡಳು, ಊಟದ ಡಬ್ಬಿ ಮಾತ್ರ ಗಣಗಣ ಸದ್ದು ಮಾಡುತ್ತಾ ಕೆಳಗಿನ ಮನೆಯ ಬಾಗಿಲ ತನಕ ಹೋಯಿತು. ಮಗ ಓಡಿ ಬಂದು ಹೆಂಡತಿಯನ್ನು ಎತ್ತಿಕೊಂಡೇ ಒಳಗೆ ತಂದ. ಮುಖ ಬಿಳಿಚಿಕೊಂಡಿತ್ತು, ಅವಳದಲ್ಲ, ಅವನದು.

"ಜಾರ್ದೆ," ಅಂದಳು ಅವಳು.

ಅವನು ನೇರ ಶೆಡ್ಡಿಗೆ ಹೋದ. ಅತ್ತೆ ಕಣ್ಣು ಮುಚ್ಚಿಕೊಂಡಳು.

ಎರಡನೆಯ ಕುರ್ಚಿ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಕೈಗಳ ತುದಿಯನ್ನು ಬೆರಳಿಗೆ ಹಿತವಾಗುವಂತೆ ಉರುಟಾಗಿ ತೀಡಿದ್ದ. ಅದನ್ನು ತಾಯಿಯ ಕುರ್ಚಿಯ ಪಕ್ಕದಲ್ಲೇ ಇಟ್ಟ. ಕೆಲಸಕ್ಕೆ ರಜೆ ಹಾಕಿಸಿದ. ಅತ್ತೆ ಸೊಸೆ ಇಬ್ಬರೂ, ಟಿಕೆಟ್ ಕಿಂಡಿಯ ಹಿಂದೆ ಕೂತವರಂತೆ, ಬೀದಿ ನೋಡುತ್ತಾ ಕೂತರು.

"ಅತ್ತೆಗೊಂದು ಕಾಲು, ಸೊಸೆಗೊಂದು ಕಾಲು," ವಕೀಲಮ್ಮ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು. "ಸೇರಿಸಿದ್ರೆ ಒಬ್ರು ಮಾರ್ಕೆಟ್ಟಿಗೆ ಹೋಗಿಬರಬಹುದು."

"ಬಾಯಿ ಮುಚ್ಕೊಂಡು ಅನ್ನಕ್ಕಿಡು," ಅತ್ತೆ ಗದರಿದಳು.

ವಕೀಲಮ್ಮ ಇಟ್ಟ ಅನ್ನ ತಳ ಹಿಡಿಯಿತು. ಅದಕ್ಕಿಂತ ಒಳ್ಳೆಯ ಕೆಲಸವೊಂದನ್ನು ಅವಳು ಮಾಡಿದಳು. ಕೆಳಗಿನ ಮನೆಯಲ್ಲಿ ಒಬ್ಬ ಫಿಸಿಯೋ ಇದ್ದಳು, ಆಸ್ಪತ್ರೆಯಲ್ಲಿ ಜನರನ್ನು ಎಬ್ಬಿಸಿ ನಡೆಸುವುದೇ ಅವಳ ಕೆಲಸ. ಊಟದ ಡಬ್ಬಿ ಉರುಳಿ ಬಂದು ನಿಂತದ್ದು ಅವಳ ಬಾಗಿಲಲ್ಲೇ. ಅಷ್ಟು ದಿನ ಅಲ್ಲೇ ಉಳಿದಿದ್ದ ಡಬ್ಬಿ ತರಲು ಹೋದ ವಕೀಲಮ್ಮ, ಆ ಸಂಜೆ ಡಬ್ಬಿಯ ಜೊತೆಗೆ ಅವಳನ್ನೂ ಕರೆತಂದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಫಿಸಿಯೋ ಒಂದು ಬಾಳೆಹಣ್ಣು ತಿನ್ನುತ್ತಲೇ ಸೊಸೆಯ ಮೊಣಕಾಲನ್ನು ಒತ್ತಿ, ಮಡಿಸಿ, ಚಾಚಿ ನೋಡಿದಳು.

"ಎಲ್ಲಿ ಓಡ್ತೀರಿ?" ಎಂದಳು.

ಮಗನ ಕೈ ತಟ್ಟೆಯಲ್ಲೇ ನಿಂತಿತು. "ಓಡೋದಾ? ಯಾರು?"

ಸೊಸೆ ತಲೆತಗ್ಗಿಸಿದಳು. "ಇದೇ ಬೀದಿ. ಸುತ್ತು ಹಾಕಿ."

"ಯಾವಾಗ್ಲೂ ಒಂದೇ ದಿಕ್ಕಲ್ಲಾ?"

"ಹೂಂ. ಔಷಧಿ ಅಂಗಡಿ ಕಡೆಯಿಂದ ಬೇಕರಿ ಕಡೆಗೆ."

"ರಸ್ತೆಯ ಯಾವ ಅಂಚು?"

"ಎದುರುಗಡೆ. ಚರಂಡಿ ಅಂಚು."

"ಅಲ್ಲಿ ರಸ್ತೆ ಎಷ್ಟು ಓರೆ ಇದೆ ನೋಡಿದೀರಾ? ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ದಿನಾ ಅದೇ ಕಾಲು ಕೆಳಗೆ. ಮಧ್ಯದಲ್ಲಿ ಸಮ ಇದೆ, ಈ ಕಡೆ ಅಂಚಿದೆ, ದಿಕ್ಕು ಬದಲಾಯಿಸಬಹುದಿತ್ತು. ಅಲ್ಲೇ ಯಾಕೆ ಓಡಿದ್ರಿ?"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಕಿಟಕಿಯ ಮೂಲೆಯಲ್ಲಿ ಮಡಿಸಿಟ್ಟಿದ್ದ ಕೆಂಪು ಟವೆಲನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಈ ಕಡೆ ಅಂಚಿನಲ್ಲೋ ನಡುವಿನಲ್ಲೋ ಓಡಿದರೆ, ನಿಂತು ಕತ್ತು ಪೂರ್ತಿ ಎತ್ತದೆ ಮೂರನೆಯ ಮಹಡಿ ಕಾಣುವುದಿಲ್ಲ. ಬೇಕರಿ ಕಡೆಯಿಂದ ಬಂದರೆ ದರ್ಜಿಯ ದೊಡ್ಡ ಬೋರ್ಡು ಕಿಟಕಿಯನ್ನು ಮುಚ್ಚುತ್ತದೆ. ಟವೆಲು ಕಾಣಬೇಕೆಂದರೆ ಆ ಒಂದು ಅಂಚು, ಆ ಒಂದು ದಿಕ್ಕು, ಅಷ್ಟೇ.

"ನನ್ನಿಂದ," ಅಂದಳು ಅತ್ತೆ. ಎಲ್ಲವನ್ನೂ ಹೇಳಿದಳು.

ವಕೀಲಮ್ಮ ನಗು ತಡೆಯಲಾರದೆ ನೀರು ಕುಡಿಯಲು ಎದ್ದು ಹೋದಳು. ಮಗ ನಗಲಿಲ್ಲ.

"ನಾನೇನು ಪೊಲೀಸಾ? ನಾನು ಎದ್ದೆ ಅಂತ ಬಾವುಟ ಹಾರಿಸೋಕೆ?"

"ಪೊಲೀಸಾಗಿದ್ರೆ ಲಂಚ ಕೊಡ್ತಿದ್ವಿ," ಅಂದಳು ಸೊಸೆ ಮೆಲ್ಲಗೆ.

"ತಮಾಷೆ ಬೇಡ. ಇವತ್ತಿಗೆ ಮುಗೀತು. ಓಟ ಇಲ್ಲ, ಗೀಟ ಇಲ್ಲ. ನೋವು ಹೋಗೋ ತನಕ ಕೂತ್ಕೋ."

"ಬರೀ ಕೂತ್ರೆ ಆಗಲ್ಲ," ಫಿಸಿಯೋ ಅಂದಳು. "ಸ್ವಲ್ಪ ದಿನ ಓಟ ಬೇಡ, ನಿಜ. ಆದ್ರೆ ನಡೀಬೇಕು. ಸೊಂಟದ ಪಕ್ಕ ಬಲ ಬರೋ ಹಾಗೆ ಕಾಲೆತ್ತಬೇಕು, ಒಂದು ಮೆಟ್ಟಿಲು ಹತ್ತಿ ನಿಧಾನಕ್ಕೆ ಇಳೀಬೇಕು. ಆಮೇಲೆ ಸ್ವಲ್ಪ ಓಟ, ಸ್ವಲ್ಪ ನಡಿಗೆ."

"ನಮ್ಮಪ್ಪನೂ ನಡೆದ್ರು," ಮಗನ ದನಿ ಏರಿತು. "ಬೆನ್ನು ನೋವು ಇಟ್ಕೊಂಡು ಏನಿಲ್ಲ ಏನಿಲ್ಲ ಅಂತ ಕಪಾಟು ಹೊತ್ರು. ಇದೇ ಮೆಟ್ಟಿಲ ಮೇಲೆ ಬಿದ್ರು, ಮತ್ತೆ ಏಳ್ಲಿಲ್ಲ. ಎತ್ತಿದವನು ನಾನು. ಇನ್ನು ಈ ಮನೇಲಿ ನೋವಾದವರು ಕೂರ್ತಾರೆ!"

ಅತ್ತೆಗೆ ಗಂಡನ ನೆನಪಾಯಿತು. ಮಗನ ಮೇಲೆ ಮರುಕವೂ ಬಂತು. ಆದರೂ ಪಕ್ಕದ ಕುರ್ಚಿಯ ಉರುಟಾದ ಕೈ ಅವಳ ಕಣ್ಣಿಗೆ ಬಿತ್ತು, ಮತ್ತು ಮೂರು ವರ್ಷ ನುಂಗಿದ್ದ ಮಾತು ಬಾಯಿಗೆ ಬಂತು.

"ನನ್ನ ಊತ ಯಾವಾಗ ಇಳೀತು, ಗೊತ್ತೇನೋ?"

"ಈಗ್ಯಾಕಮ್ಮ ಅದು?"

"ನೀನು ಕುರ್ಚಿ ತಂದ ತಿಂಗಳೇ ಇಳೀತು. ಆಮೇಲೆ ಒಬ್ರಾದ್ರೂ ನನ್ನ ಮೊಣಕಾಲು ಮುಟ್ಟಿ ನೋಡಿದ್ರಾ? ಟೀ ಬಂತು, ದಿಂಬು ಬಂತು. ಕಾಲು ಹೇಗಿದೆ ಅನ್ನೋ ಒಂದು ಮಾತು ಬರ್ಲಿಲ್ಲ."

"ನೀನೂ ಹೇಳ್ಲಿಲ್ಲವಲ್ಲಮ್ಮ."

"ಹೇಳ್ಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ ಕಣೋ. ಎದ್ರೆ ನೊಂದ್ಕೋತೀಯ ಅಂತ ಕೂತೆ. ಕೂತು ಕೂತು ಈಗ ನಿಜವಾಗ್ಲೂ ಏಳೋಕಾಗಲ್ಲ. ನಾನು ಕೂತದ್ದು ಸಾಕು. ಇವಳನ್ನ ಕೂರಿಸ್ಬೇಡ."

ಮಗ ತಟ್ಟೆ ಬಿಟ್ಟು ಎದ್ದ. "ಏನಾದ್ರೂ ಮಾಡ್ಕೊಳ್ಳಿ. ನನ್ನನ್ನ ಕೇಳ್ಬೇಡಿ," ಎಂದು ಹೊರಗೆ ಹೋದ. ಸೊಸೆಯ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅತ್ತೆ ಜಾರಿ ಬಿದ್ದ ವಾರವೇ ಬೇಳೆ, ಸಕ್ಕರೆ, ಉಪ್ಪಿನ ಡಬ್ಬಗಳನ್ನೆಲ್ಲ ತನ್ನ ಕೈಗೆ ಮಾತ್ರ ಎಟುಕುವ ಮೇಲಿನ ಶೆಲ್ಫಿಗೆ ಏರಿಸಿದವಳು ಅವಳೇ.

ಮರುದಿನ ಅತ್ತೆ ಗೋಡೆ ಹಿಡಿದು ಅಡುಗೆಮನೆಗೆ ಬಂದಾಗ ಉಪ್ಪು ಕೆಳಗೆ ಇತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಹಾಗೆಂದು ಜಗಳ ಆಗಲಿಲ್ಲ ಎಂದಲ್ಲ. ಒಂದು ಒಲೆಗೆ ಇಬ್ಬರು ಯಜಮಾನಿಯರಾದರೆ ಜಗಳವಾಗದೆ ಇನ್ನೇನು? ಹುರುಳಿಕಾಯಿ ಉದ್ದ ಹೆಚ್ಚಬೇಕೋ ಸಣ್ಣಗೆ ಹೆಚ್ಚಬೇಕೋ ಎಂಬುದಕ್ಕೆ ಒಂದು ಇಡೀ ಸಂಜೆ ಹೋಯಿತು. ಅತ್ತೆ ಕೈ ತಪ್ಪಿ ಸೂಪಿಗೆ ಎರಡು ಸಲ ಉಪ್ಪು ಹಾಕಿದಳು. ಮಗ ಒಂದು ಚಮಚ ಬಾಯಿಗಿಟ್ಟು, ಮುಖ ಸಿಂಡರಿಸಿ, ಪೂರ್ತಿ ಕುಡಿದ. ಆ ವಾರವೆಲ್ಲ ಅವನು ಆಡಿದ ಮಾತು "ನೀರು" ಒಂದೇ.

ಫಿಸಿಯೋ ಹೇಳಿದ ವ್ಯಾಯಾಮಗಳನ್ನು ಅತ್ತೆ ಸೊಸೆ ಒಟ್ಟಿಗೇ ಮಾಡಿದರು. ಗೋಡೆಗೆ ಕೈಕೊಟ್ಟು ಪಕ್ಕಕ್ಕೆ ಕಾಲೆತ್ತುವುದು. ಹೊರಗಿನ ಮೆಟ್ಟಿಲಿನ ಮೇಲೆ ಹತ್ತುವುದು, ಇಳಿಯುವುದು. ಆ ಮೆಟ್ಟಿಲು ಎತ್ತರ, ಅತ್ತೆಯ ಕಾಲು ನಡುಗುತ್ತಿತ್ತು.

ಒಂದು ಬೆಳಿಗ್ಗೆ ಇಳಿಯುವಾಗ ನೋವಾಗಲಿಲ್ಲವೆಂದು ಸೊಸೆ ಯಾರಿಗೂ ಹೇಳದೆ ಹೋಗಿ ನಾಲ್ಕು ಸುತ್ತು ಓಡಿ, ಕುಂಟುತ್ತಾ ಬಂದಳು.

"ಬುದ್ಧಿ ಎಲ್ಲಿಟ್ಟಿದ್ದೆ?" ಅತ್ತೆ ಸೌಟು ಎತ್ತಿ ಕೇಳಿದಳು. "ಅಂಬೆಗಾಲಿಡೋ ಮಗು ಒಂದೇ ದಿನಕ್ಕೆ ಮರ ಹತ್ತುತ್ತಾ?"

"ನೋವು ಹೋಗಿತ್ತು ಅತ್ತೆ."

"ನೋವು ಹೋಗಿತ್ತು, ಕಾಲಿಗೆ ಬಲ ಬಂದಿತ್ತಾ? ನಿಧಾನವೇ ಪ್ರಧಾನ. ನನಗೆ ಬೆಳಿಗ್ಗೆ ಸಂಜೆ ಹೇಳ್ತೀಯಲ್ಲ, ನೀನು ಕೇಳ್ಬೇಡ್ವಾ?"

ಮತ್ತೆ ಮೊದಲಿನಿಂದ ಶುರುವಾಯಿತು. ಸೊಸೆ ಎರಡು ದಿನ ಮುಖ ಗಂಟಿಕ್ಕಿಕೊಂಡು ಕಾಲೆತ್ತಿದಳು. ಅದನ್ನೆಲ್ಲ ಮಗ ಮೂಲೆಯಿಂದ ನೋಡುತ್ತಿದ್ದ. ಕೇಳಬೇಡಿ ಎಂದವನು ತಾನೂ ಏನನ್ನೂ ಕೇಳಲಿಲ್ಲ. ಒಂದು ದಿನ ಮಾತ್ರ ತಾಯಿ ಮೆಟ್ಟಿಲಿನಿಂದ ಇಳಿಯುವಾಗ ಹತ್ತಿರ ಬಂದು ಕೂತು, ಅವಳ ಮೊಣಕಾಲಿನ ಮೇಲೆ ಕೈಯಿಟ್ಟ.

"ಇಲ್ಲಿ ನೋಯುತ್ತಾ?"

"ಅಲ್ಲಿಲ್ಲ. ಸ್ವಲ್ಪ ಒಳಗೆ."

"ಇಲ್ಲಿ?"

"ಹೂಂ. ಅಲ್ಲಿ."

ಅವನು ಹೂಂಗುಟ್ಟಿ ಎದ್ದು ಹೋದ. ಹೋಗುವಾಗ ಎರಡನೆಯ ಕುರ್ಚಿಯನ್ನು ಹೊತ್ತುಕೊಂಡು ಹೋದ. ಕೆಲವು ದಿನ ಬಿಟ್ಟು ಅವನು ತಂದು ಇಳಿಸಿದ್ದು ಒಂದು ತಗ್ಗು ಮೆಟ್ಟಿಲು, ಹಿಡಿದುಕೊಳ್ಳಲು ಎರಡು ಕಡೆಯೂ ಮರದ ಕಂಬಿ. ಅತ್ತೆ ಕಂಬಿ ಹಿಡಿದಳು. ತುದಿ ಬೆರಳಿಗೆ ಹಿತವಾಗುವಂತೆ ಉರುಟಾಗಿತ್ತು. ಅದು ಯಾವ ಮರವೆಂದು ಅವಳಿಗೆ ಗೊತ್ತಾಯಿತು. ಕಣ್ಣು ತುಂಬಿತು, ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿದಳು.

ಸೊಸೆ ಮತ್ತೆ ಓಡಿದ ದಿನ ಬೀದಿಯ ಸಮವಾದ ನಡುವಿನಲ್ಲೇ ಓಡಿದಳು. ಒಂದಷ್ಟು ದೂರ ಓಟ, ಒಂದಷ್ಟು ದೂರ ನಡಿಗೆ. ದಿಕ್ಕೂ ಬದಲಾಗಿತ್ತು: ಬೇಕರಿ ಮೂಲೆಯಿಂದ ಈಚೆಗೆ ಬಂದಳು. ಅಭ್ಯಾಸಬಲದಿಂದ ಕತ್ತೆತ್ತಿದರೆ ದರ್ಜಿಯ ಬೋರ್ಡು ಮಾತ್ರ ಕಂಡಿತು. ಬೋರ್ಡು ದಾಟಿ ನಿಂತು ನೋಡಿದಳು, ಕಿಟಕಿಯ ಕುರ್ಚಿ ಖಾಲಿ.

ಅತ್ತೆ ಕೆಳಗೆ ಬಾಗಿಲಲ್ಲಿ ನಿಂತಿದ್ದಳು. ಮೂರು ಮಹಡಿ ಇಳಿದು ಬಂದಿದ್ದಳು, ಪ್ರತಿ ಮಹಡಿಯಲ್ಲೂ ಕೂತು ಸುಧಾರಿಸಿಕೊಂಡು, ಕೊನೆಯದನ್ನು ಕಂಬಿಗಿಂತ ಹೆಚ್ಚಾಗಿ ಹಟ ಹಿಡಿದುಕೊಂಡು. ಬೀದಿಯ ಗಾಳಿ ಕಿಟಕಿಯ ಗಾಳಿಯಂತಿರಲಿಲ್ಲ, ಬ್ರೆಡ್ಡಿನ ವಾಸನೆ ಇತ್ತು.

"ಅತ್ತೆ! ಒಬ್ರೇ ಇಳಿದ್ರಾ?"

"ಜೊತೆಗೆ ಎರಡು ಕಾಲು ಇತ್ತು. ನಿನ್ನ ಕಾಲು ಹೇಗಿದೆ?"

"ಚುಚ್ಚಲಿಲ್ಲ. ಇವತ್ತು ಇಷ್ಟಕ್ಕೇ ನಿಲ್ಲಿಸ್ತೀನಿ."

"ನಗು ಬಂತಾ?"

ಸೊಸೆ ಯೋಚಿಸಿದಳು. "ಬಂತು. ಯಾಕೆ ಅಂತ ಈಗ್ಲೂ ಗೊತ್ತಾಗ್ಲಿಲ್ಲ."

ಆಗ ಮೇಲೆ ಏನೋ ಅಲ್ಲಾಡಿತು. ಇಬ್ಬರೂ ಕತ್ತು ಪೂರ್ತಿ ಎತ್ತಿ ನೋಡಿದರು. ಮೂರನೆಯ ಮಹಡಿಯ ಕಿಟಕಿಯಲ್ಲಿ ಮಗ ಬಗ್ಗಿ ನಿಂತು, ಬಹಳ ಗಂಭೀರವಾಗಿ, ಕೆಂಪು ಟವೆಲನ್ನು ನೇತುಹಾಕುತ್ತಿದ್ದ. ಗಾಳಿಗೆ ಹಾರದಂತೆ ಅದರ ತುದಿಗೆ ಬಟ್ಟೆ ಕ್ಲಿಪ್ಪನ್ನೂ ಸಿಕ್ಕಿಸಿದ.

ಅತ್ತೆ ನಕ್ಕಳು. ಬಾಗಿಲ ಚೌಕಟ್ಟು ಹಿಡಿದು, ಹೊಟ್ಟೆ ಹಿಡಿದು ನಕ್ಕಳು. ಯಾಕೆ ಬಂತೆಂದು ಅವಳಿಗೂ ತಿಳಿಯಲಿಲ್ಲ.

"ಎದ್ರಂತೆ," ಸೊಸೆ ಅಂದಳು. "ಹೋಗೋಣ್ವಾ ಮೇಲೆ? ಹಾಲು ಕಾಯಿಸ್ಬೇಕು."

"ಎದ್ದವನು ಹಾಲು ಕಾಯಿಸ್ಲಿ. ಎಲ್ಲಿ, ಕೈ ಕೊಡು."

"ಎಲ್ಲಿಗೆ ಅತ್ತೆ?"

"ಆ ಮೂಲೆ ತನಕ. ತಿಮಿಂಗಿಲದ ಬಾಲ ಪಕ್ಕದ ಮನೆಗೆ ಎಷ್ಟು ದೂರ ಹೋಗಿದೆ ಅಂತ ನೀನು ಸರಿಯಾಗಿ ಹೇಳಲೇ ಇಲ್ಲ."

ಅತ್ತೆ ಸೊಸೆಯ ಕೈ ಹಿಡಿದು, ಓರೆಯಿಲ್ಲದ ನಡುದಾರಿಯಲ್ಲಿ ಬೇಕರಿಯ ಕಡೆಗೆ ಹೆಜ್ಜೆ ಹಾಕಿದಳು.